ಅಗಪಾಂಥಸ್ ಬೇರ್ ರೂಟ್ 6 ನೆಟ್ಟೆ, 4 ಹೋದವು. ಉಳಿದ ಎರಡನ್ನು ಉಳಿಸಿಕೊಳ್ಳೋದು ಹೇಗೆ?

ಹಿತ್ತಲು_ದಾವಣಗೆರೆ
ತುಂಬಾ ಬೇಜಾರಾಗಿದೆ. ಯುಗಾದಿ ಮುಗಿದ ವಾರ ಆನ್‌ಲೈನ್‌ನಲ್ಲಿ ಅಗಪಾಂಥಸ್ ಬೇರ್ ರೂಟ್ ಗಿಡ, ಅಂದರೆ ಮಣ್ಣಿಲ್ಲದೆ ಬರೀ ಬೇರಿನ ಸಮೇತ ಕಳಿಸುವ ಗಿಡ, ತರಿಸಿದೆ. ಒಟ್ಟು 6, ಮೂರು ನೀಲಿ, ಮೂರು ಬಿಳಿ. ಊಟಿಯಲ್ಲಿ ಆ ಹೂವು ನೋಡಿದಾಗಿನಿಂದ ನಮ್ಮ ಅಮ್ಮನಿಗೆ ಆಸೆ, ಮನೆ ಮುಂದೆ ಅದರದ್ದೇ ಒಂದು ಸಾಲು ಇರಬೇಕು ಅಂತ. ಪಾರ್ಸೆಲ್ ಬಂದ ದಿನವೇ ನೆಟ್ಟೆ, ಗೊಬ್ಬರ ಹಾಕಿದೆ, ಒಂದು ದಿನವೂ ನೀರು ತಪ್ಪಿಸಿಲ್ಲ. ಎರಡೆರಡು ಎಲೆ ಬಂತು, ಆಮೇಲೆ ಹಳದಿ ಆಯಿತು, ಆಮೇಲೆ ಎಲೆ ಹಿಡಿದು ಮೆಲ್ಲಗೆ ಎಳೆದರೆ ಬುಡಸಮೇತ ಕೈಗೆ ಬಂತು. ಹೀಗೆ ನಾಲ್ಕು ಹೋದವು. ಉಳಿದ ಎರಡೂ ಈಗ ಹಳದಿ. ಮಾರಿದವರನ್ನು ಕೇಳಿದರೆ ನೀರು ಸಾಲದೆ ಹೀಗಾಗಿದೆ ಅಂತಾರೆ. ದಿನಾ ಹಾಕಿದ್ದೇನೆ ರೀ! ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ಕೋಟೆ_ಕೈತೋಟ (ಚಿತ್ರದುರ್ಗ)
ಎಷ್ಟು ನೀರು ಅನ್ನೋದಲ್ಲ ಅಕ್ಕ, ಯಾವ ನೀರು ಅನ್ನೋದು ಮುಖ್ಯ. ನಮ್ಮ ಕಡೆ ಬೋರ್ ನೀರಲ್ಲಿ ಉಪ್ಪು ಜಾಸ್ತಿ. ನನ್ನ ಬೋರಿನ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನ ಅಳತೆ) 1400 ಇದೆ. ಆಂಥೂರಿಯಂ ಎರಡು ಸಲ ಸುಟ್ಟುಹೋಯಿತು, ಮಳೆನೀರು ಹಿಡಿದು ಹಾಕಿದ ಮೇಲೇ ಚೇತರಿಸಿಕೊಂಡಿದ್ದು. ನಿಮ್ಮದು ಎಷ್ಟಿದೆ?

ಅಡಿಕೆ_ನೆರಳು (ಚನ್ನಗಿರಿ)
ಫೋಟೊ ಹಾಕಿ. ಯಾವ ಮಣ್ಣು, ಎಷ್ಟು ಆಳಕ್ಕೆ ನೆಟ್ಟಿದ್ದೀರಿ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ?

ಹಿತ್ತಲು_ದಾವಣಗೆರೆ
ಬೋರ್ ಅಲ್ಲ, ನಲ್ಲಿ ನೀರು, ಕುಂದವಾಡ ಕೆರೆ ಕಡೆಯಿಂದ ಬರುವುದು. ಮಣ್ಣು ಇಲ್ಲಿ ಎಲ್ಲರ ಮನೆಯದ್ದೂ ಒಂದೇ ಅಲ್ವಾ. ಬಿಸಿಲು ಚೆನ್ನಾಗಿದೆ.

ಕೋಟೆ_ಕೈತೋಟ (ಚಿತ್ರದುರ್ಗ)
ನಲ್ಲಿ ನೀರಾದರೂ ಕ್ಲೋರಿನ್ ಇರುತ್ತದೆ. ಹಿಂದಿನ ದಿನವೇ ಬಕೆಟ್‌ನಲ್ಲಿ ಹಿಡಿದು ಬಾಯಿ ತೆರೆದು ಇಡಿ. ಒಂದು ಟಿಡಿಎಸ್ ಮೀಟರ್ ತಗೊಳ್ಳಿ, ಕಡಿಮೆ ಬೆಲೆಗೇ ಸಿಗುತ್ತದೆ.

ಅಡಿಕೆ_ನೆರಳು (ಚನ್ನಗಿರಿ)
ಉಪ್ಪಾದರೆ ಮೊದಲು ಎಲೆ ತುದಿ ಕಂದಾಗಿ ಸುಡುತ್ತದೆ ಅಣ್ಣ. ಇವರದ್ದು ಬುಡವೇ ಕಿತ್ತು ಬಂದಿದೆ. ಅದು ಕೊಳೆ.

ಕೋಟೆ_ಕೈತೋಟ (ಚಿತ್ರದುರ್ಗ)
ಉಪ್ಪಿನಿಂದ ಬೇರು ಸೋತರೆ ಕೊಳೆ ತಾನಾಗೇ ಬರುತ್ತದೆ. ಹತ್ತು ವರ್ಷದಿಂದ ಕೈತೋಟ ಮಾಡಿದ್ದೇನೆ, ಸುಮ್ನೆ ಹೇಳುತ್ತಿಲ್ಲ.

ತಾರಸಿ_40ಕುಂಡ (ದಾವಣಗೆರೆ)
ಇಂಥ ಗೆಡ್ಡೆಗಿಡಗಳನ್ನು ನೆಲಕ್ಕೆ ಹಾಕಲೇಬಾರದು. ನನ್ನ ತಾರಸಿಯಲ್ಲಿ 40 ಕುಂಡ ಇವೆ, ಮೇಲೆ 50 ಪರ್ಸೆಂಟ್ ಶೇಡ್ ನೆಟ್, ಎಲ್ಲಕ್ಕೂ ಡ್ರಿಪ್, ಟೈಮರ್ ಬೆಳಿಗ್ಗೆ 6ಕ್ಕೆ 4 ನಿಮಿಷ ಬಿಡುತ್ತದೆ. ಹೋದ ತಿಂಗಳು ವೆಂಚುರಿ ಕೂಡ ಕೂರಿಸಿದೆ, ದ್ರವಗೊಬ್ಬರ ಅದರಲ್ಲೇ ಹೋಗುತ್ತದೆ. ಫೋಟೊ ಬೇಕಾದರೆ ಹಾಕುತ್ತೇನೆ.

ಅಡಿಕೆ_ನೆರಳು (ಚನ್ನಗಿರಿ)
ಅಗಪಾಂಥಸ್ ಗೆಡ್ಡೆ ಅಲ್ಲ. ಶುಂಠಿ ಥರ ಅಡ್ಡಕ್ಕೆ ಹಬ್ಬುವ ರೈಜೋಮ್, ಅದಕ್ಕೆ ದಪ್ಪ ಬೇರು.

ತಾರಸಿ_40ಕುಂಡ (ದಾವಣಗೆರೆ)
ಲಿಲ್ಲಿ ಅಂತಾನೇ ಮಾರುತ್ತಾರೆ, ಲಿಲ್ಲಿ ಗೆಡ್ಡೆಯೇ ಅಲ್ವಾ?

ಅಡಿಕೆ_ನೆರಳು (ಚನ್ನಗಿರಿ)
ಹೆಸರಿಗೆ ಆಫ್ರಿಕನ್ ಲಿಲ್ಲಿ ಅಷ್ಟೆ. ಮೂಲ ದಕ್ಷಿಣ ಆಫ್ರಿಕಾ. ಮೊದಲು ಲಿಲ್ಲಿ ಕುಟುಂಬಕ್ಕೆ ಸೇರಿಸಿದ್ದರು, ಆಮೇಲೆ ಈರುಳ್ಳಿ ಜೊತೆ ಇಟ್ಟರು, 2009ರ ವರ್ಗೀಕರಣದಲ್ಲಿ ಅಮರಿಲ್ಲಿಸ್ ಕುಟುಂಬದೊಳಗೆ ಹೋಯಿತು. ಈರುಳ್ಳಿಯೂ ಈಗ ಅದೇ ಕುಟುಂಬ.

ಈರುಳ್ಳಿ_ಚಳ್ಳಕೆರೆ
ಕುಟುಂಬದ ವಿಷಯ ಆಮೇಲೆ ಮಾತಾಡೋಣ. ಅಕ್ಕ, ಈಗಲೇ ಒಂದು ಗಿಡದ ಬುಡ ಬಿಡಿಸಿ ನೋಡಿ. ಗುದ್ದಲಿ ಬೇಡ, ಕೈಯಲ್ಲೇ ಮಣ್ಣು ಸರಿಸಿ. ಎಲೆ ಹೊರಡುವ ಜಾಗ, ಅಂದರೆ ಕತ್ತು, ಎಷ್ಟು ಕೆಳಗಿದೆ? ನಮ್ಮ ಹೊಲದಲ್ಲಿ ಮಳೆಗಾಲದ ಈರುಳ್ಳಿ ಹೀಗೇ ಹಳದಿ ಆಗಿ ಎಳೆದರೆ ಬರುತ್ತದೆ. ನೀರು ನಿಂತ ಸಾಲಿನಲ್ಲೇ ಮೊದಲು ಹೋಗುವುದು.

ಹಿತ್ತಲು_ದಾವಣಗೆರೆ
ಬಿಡಿಸಿ ನೋಡಿದೆ. ಕತ್ತು ಅರ್ಧ ಗೇಣು ಕೆಳಗಿದೆ. ಗಿಡ ಅಲ್ಲಾಡಬಾರದು ಅಂತ ನಾನೇ ಆಳಕ್ಕೆ ಇಟ್ಟು ತುಳಿದಿದ್ದೆ. ಮಣ್ಣು ಎರೆಮಣ್ಣು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟುತ್ತದೆ, ಬೆರಳಿನ ಗುರುತು ಹಾಗೇ ಉಳಿಯುತ್ತದೆ. ಒಂದು ಗಿಡದ ಬೇರು ಕಂದು, ಚಿವುಟಿದರೆ ಮೇಲಿನ ಸಿಪ್ಪೆ ಜಾರಿ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳಿಯಿತು. ಕೆಟ್ಟ ವಾಸನೆ. ಇನ್ನೊಂದರಲ್ಲಿ ಮೂರು ಬೇರು ಇನ್ನೂ ಬೆಳ್ಳಗೆ, ಗಟ್ಟಿಯಾಗಿವೆ, ಹೆಚ್ಚು ಕಡಿಮೆ ಪೆನ್ಸಿಲ್ ದಪ್ಪ. ಇನ್ನೊಂದು ಮಾತು ಹೇಳಿರಲಿಲ್ಲ. ಬಟ್ಟೆ ಒಗೆಯುವ ಕಲ್ಲು ಪಕ್ಕದಲ್ಲೇ ಇದೆ, ಆ ನೀರು ಈ ಸಾಲಿನ ಕಡೆಗೇ ಹರಿಯುತ್ತದೆ.

ಕೋಟೆ_ಕೈತೋಟ (ಚಿತ್ರದುರ್ಗ)
ಸೋಪಿನ ನೀರು! ಅದರಲ್ಲಿ ಸೋಡಿಯಂ ಇರುತ್ತದೆ. ನಾನು ಮೊದಲಿನಿಂದ ಹೇಳಿದ್ದು ಇದನ್ನೇ.

ಅಡಿಕೆ_ನೆರಳು (ಚನ್ನಗಿರಿ)
ನೀವು ಹೇಳಿದ್ದು ಬೋರ್ ನೀರು.

ಈರುಳ್ಳಿ_ಚಳ್ಳಕೆರೆ
ಇಬ್ಬರ ಮಾತಲ್ಲೂ ನಿಜ ಇದೆ, ಸೋಪಿನ ನೀರು ಎರೆಮಣ್ಣನ್ನು ಇನ್ನೂ ಬಿಗಿ ಮಾಡುತ್ತದೆ. ಆದರೆ ಗಿಡ ಹೋಗಿದ್ದು ಆಳಕ್ಕೆ ಹೂತು ದಿನಾ ನೀರು ಕೊಟ್ಟಿದ್ದಕ್ಕೆ. ಬೇರ್ ರೂಟ್‌ಗೆ ನೀರು ಕುಡಿಯುವ ಸಣ್ಣ ಬೇರು ಇನ್ನೂ ಹುಟ್ಟಿರುವುದಿಲ್ಲ. ದಪ್ಪ ಬೇರಿನಲ್ಲಿ ಅದಕ್ಕೆ ಬೇಕಾದ ಬುತ್ತಿ ಇರುತ್ತದೆ. ಎಲೆ ಇಲ್ಲದ ಗಿಡಕ್ಕೆ ದಿನಾ ನೀರು ಯಾಕೆ ಬೇಕು ಹೇಳಿ? ಎರೆಮಣ್ಣಿನಲ್ಲಿ ಆ ನೀರು ಕೆಳಗೂ ಇಳಿಯುವುದಿಲ್ಲ, ಮೇಲೆ ಬಿಸಿಲಿಗೆ ಮಣ್ಣು ಕಾಯುತ್ತದೆ, ಒಳಗೆ ಬೇರು ಬೇಯುತ್ತದೆ.

ಈಗ ಎರಡನ್ನೂ ಪೂರ್ತಿ ಎತ್ತಿ. ಕೈಗವಸು ಹಾಕಿಕೊಳ್ಳಿ, ಅದರ ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಬೇರು ತೊಳೆದು, ಕಂದಾದದ್ದನ್ನೆಲ್ಲ ಗಟ್ಟಿ ಬಿಳಿ ಸಿಗುವವರೆಗೆ ಕತ್ತರಿಸಿ. ಒಂದೊಂದು ಸಲ ಕತ್ತರಿಸಿದ ಮೇಲೂ ಚಾಕು ಒರೆಸಿ. ನೆರಳಲ್ಲಿ ಪೇಪರ್ ಮೇಲೆ ಎರಡು ದಿನ ಬಿಡಿ, ಗಾಯ ಒಣಗಲಿ. ಮತ್ತೆ ನೆಡುವಾಗ ಕತ್ತಿನ ಮೇಲೆ ಒಂದು ಇಂಚು ಮಣ್ಣು ಸಾಕು. ಸದ್ಯಕ್ಕೆ ತೂತಿರುವ ಕುಂಡದಲ್ಲೇ ಇಡಿ: ಕೆಮ್ಮಣ್ಣು, ದಪ್ಪ ಮರಳು, ಹಳೇ ಕೊಟ್ಟಿಗೆ ಗೊಬ್ಬರ, ಮೂರೂ ಸಮ. ನೆಟ್ಟ ದಿನ ಒಂದು ಸಲ ನೀರು. ಆಮೇಲೆ ಬೆರಳು ಎರಡು ಗಂಟು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ಹಿತ್ತಲು_ದಾವಣಗೆರೆ
ಗೊಬ್ಬರ ಅಂದೆನಲ್ಲ, ಅದು ಯೂರಿಯಾ. ಗಿಡಕ್ಕೆ ಒಂದು ಚಮಚ. ಅದೂ ತಪ್ಪಾ?

ಅಡಿಕೆ_ನೆರಳು (ಚನ್ನಗಿರಿ)
ಹೊಸ ಬೇರಿಗೆ ಅದು ಬೆಂಕಿ ಅಕ್ಕ. ಗಿಡ ಬದುಕಿದರೂ ಬರೀ ಎಲೆ ಬಿಡುತ್ತದೆ, ಹೂವು ಬರುವುದಿಲ್ಲ. ಇನ್ನು ನಿಮ್ಮ ಸಾಲಿನ ಜಾಗವನ್ನೂ ಪರೀಕ್ಷೆ ಮಾಡಿ. ಒಂದು ಅಡಿ ಗುಂಡಿ ತೆಗೆದು ನೀರು ತುಂಬಿಸಿ, ಅದು ಇಂಗಿದ ಮೇಲೆ ಇನ್ನೊಂದು ಸಲ ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ದರೆ ಅಲ್ಲಿ ಏರುಮಡಿ ಮಾಡದೆ ಏನೂ ನೆಡಬೇಡಿ. ಒಗೆಯುವ ನೀರನ್ನು ಬಾಳೆಗೆ ತಿರುಗಿಸಿ.

ತಾರಸಿ_40ಕುಂಡ (ದಾವಣಗೆರೆ)
ಕುಂಡಕ್ಕೇ ಬಂದಿರಿ ನೋಡಿ. ಡ್ರಿಪ್ ಬೇಕಾದರೆ ಹೇಳಿ, ನಮ್ಮ ಮನೆಗೆ ಬಂದು ನೋಡಿಕೊಂಡು ಹೋಗಬಹುದು. ಬೆಣ್ಣೆ ದೋಸೆ ನಮ್ಮ ಕಡೆಯಿಂದ.

ಹಿತ್ತಲು_ದಾವಣಗೆರೆ (ಮೂರು ವಾರದ ನಂತರ)
ಕಂದು ಬೇರಿನದ್ದು ಉಳಿಯಲಿಲ್ಲ. ಒಳಗೆ ಕತ್ತರಿಸುತ್ತಾ ಹೋದಂತೆ ಮೆತ್ತಗೇ ಇತ್ತು. ಇನ್ನೊಂದು ಬದುಕಿದೆ! ನಿನ್ನೆ ಬೆಳಿಗ್ಗೆ ಅಮ್ಮ ಕರೆದು ತೋರಿಸಿದರು. ಹಳದಿ ಎಲೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಹಸಿರು ಮೂತಿ. ಕುಂಡ ಪೂರ್ವದ ಕಡೆ ಇಟ್ಟಿದ್ದೇನೆ, ಮಧ್ಯಾಹ್ನ ನೆರಳು. ಎರಡೇ ಸಲ ನೀರು ಹಾಕಿದ್ದೇನೆ, ಕೈ ತಡೆಯುವುದೇ ಕಷ್ಟ. ಗುಂಡಿಯಲ್ಲಿ ನೀರು ಮಾರನೇ ದಿನ ಸಂಜೆವರೆಗೂ ನಿಂತಿತ್ತು. ಈ ವರ್ಷ ಹೂವು ಬರುತ್ತದಾ?

ಈರುಳ್ಳಿ_ಚಳ್ಳಕೆರೆ
ತುಂಬಾ ಖುಷಿ ಆಯಿತು ಅಕ್ಕ. ಈ ವರ್ಷ ಹೂವಿನ ಆಸೆ ಬೇಡ. ಚೆನ್ನಾಗಿರುವ ಬೇರ್ ರೂಟ್‌ಗೇ ಎರಡು ಮೂರು ವರ್ಷ ಬೇಕಾಗುತ್ತದೆ, ನಿಮ್ಮದು ಪೆಟ್ಟು ತಿಂದಿದೆ. ಮೊದಲು ಎಲೆ ತುಂಬಲಿ. ಚಳಿಗಾಲದಲ್ಲಿ ಒಳಗೆ ತರಬೇಡಿ, ಆ ತಂಪು ಮೊಗ್ಗಿಗೆ ಒಳ್ಳೆಯದು.

ಹೊಸದುರ್ಗ_ತೆಂಗು
ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದು ನಾಲ್ಕನೇ ವರ್ಷ, ಎಲೆ ಸೊಂಪಾಗಿದೆ, ಹೂವಿನ ಕಡ್ಡಿ ಒಂದೂ ಇಲ್ಲ. ತೆಂಗಿನ ಬುಡದಲ್ಲಿದೆ.

ಕೋಟೆ_ಕೈತೋಟ (ಚಿತ್ರದುರ್ಗ)
ಯಾವ ನೀರು ಹಾಕುತ್ತೀರಿ?

ಅಡಿಕೆ_ನೆರಳು (ಚನ್ನಗಿರಿ)
ನೆರಳೇ ಕಾರಣ ಅನಿಸುತ್ತದೆ. ಬೆಳಗಿನ ಬಿಸಿಲು ನಾಲ್ಕೈದು ಗಂಟೆ ಸಿಗುವ ಕಡೆ ಒಂದು ಹಿಳ್ಳು ಬೇರೆ ಮಾಡಿ ಇಡಿ, ಉಳಿದದ್ದು ಅಲ್ಲೇ ಇರಲಿ. ಬೇರೆ ಚರ್ಚೆ ಶುರು ಮಾಡಿ, ಫೋಟೊ ಸಮೇತ. ಆಳ, ಮಣ್ಣು, ನೀರು ಎಲ್ಲ ಮೊದಲೇ ಬರೆಯಿರಿ.