ಲೈನ್ ಮನೆಯವರಿಗೆ ಇಲಿಜ್ವರದ ವಿಷಯ ಮುಟ್ಟಿಸುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಚಿಕ್ಕ ಕಾಫಿ ತೋಟ. ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಎರವ ಬುಡಕಟ್ಟಿನವರಿದ್ದಾರೆ, ಅಸ್ಸಾಂ ಕಡೆಯವರೂ ಇದ್ದಾರೆ. ಇಲಿಜ್ವರದ ಬಗ್ಗೆ ಸ್ಟೋರ್ ಗೋಡೆಗೆ ಪೋಸ್ಟರ್ ಅಂಟಿಸಿದೆ, ವಾಟ್ಸಾಪ್‌ನಲ್ಲೂ ಕಳಿಸಿದೆ. ಆದರೂ ಒಬ್ಬ ನಾಲ್ಕು ದಿನ ಅಂಗಡಿ ಮಾತ್ರೆ ನುಂಗಿಕೊಂಡೇ ಕೆಲಸಕ್ಕೆ ಬಂದ. ಐದನೇ ದಿನ ಏಳಲಾಗಲಿಲ್ಲ. ಇನ್ನೇನು ಮಾಡಲಿ?

ಡಾಕ್ಟರ್: ಪೋಸ್ಟರ್ ಕನ್ನಡದಲ್ಲಿತ್ತು ಅಲ್ವಾ? ಓದಲು ಬಾರದವರಿಗೆ ಅದು ಗೋಡೆ ಚಿತ್ರ ಅಷ್ಟೇ. ಬೆಳಿಗ್ಗೆ ಹಾಜರಿ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಿ. ದಿನಕ್ಕೆ ಒಂದೇ ವಿಷಯ, ಎರಡು ನಿಮಿಷ ಸಾಕು. ತೊಟ್ಟಿಲು ಗುಂಡಿ (ಮಳೆನೀರು ಇಂಗಲು ಗಿಡಗಳ ನಡುವೆ ತೋಡುವ ಗುಂಡಿ) ತೆಗೆಯುವ ದಿನವಾದರೆ ಗುಂಡಿ ಪಕ್ಕವೇ ನಿಂತು ಹೇಳಿ: “ಈ ನೀರಲ್ಲಿ ಇಲಿ ಉಚ್ಚೆ ಸೇರಿರಬಹುದು. ಕಾಲಲ್ಲಿ ಗಾಯ ಇದ್ದರೆ ರೋಗ ಅಲ್ಲಿಂದ ಒಳಗೆ ಹೋಗುತ್ತೆ. ಗಾಯ ಇರುವವರು ಇವತ್ತು ಇಳಿಯಬೇಡಿ. ಜ್ವರ ಬಂದು ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾದರೆ ಅವತ್ತೇ ಆಸ್ಪತ್ರೆಗೆ.” ಗಂಬೂಟನ್ನೂ ಅಲ್ಲೇ ಹಾಕಿಸಿ.

ಆಮೇಲೆ “ಅರ್ಥ ಆಯ್ತಾ?” ಅಂತ ಕೇಳಬೇಡಿ. ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. “ಜ್ವರ ಬಂದರೆ ಏನು ಮಾಡ್ತೀಯ?” ಅಂತ ಕೇಳಿ. ಅಸ್ಸಾಂನವರಿಗೆ ಅವರಲ್ಲೇ ಒಬ್ಬರಿಂದ ಅವರ ಭಾಷೆಯಲ್ಲಿ ವಾಯ್ಸ್ ಮೆಸೇಜ್ ಮಾಡಿಸಿ.

ಒಂದು ಮಾತು ಕೇಳಲಾ, ಬೇಜಾರಾಗಬೇಡಿ. ಆಸ್ಪತ್ರೆಗೆ ಹೋದ ದಿನ ಹಾಜರಿ ಹಾಕಿ ಕೂಲಿ ಕೊಡುತ್ತೀರಾ?

ಪ್ರಶ್ನೆ ಕೇಳಿದವರು: ಇಲ್ಲ ಸರ್.

ಡಾಕ್ಟರ್: ಅವನು ಪೋಸ್ಟರ್‌ಗಿಂತ ಮೊದಲು ಓದಿದ್ದು ಅದನ್ನೇ.

ಗುಂಪಿನ ಸದಸ್ಯೆ: ನಾನು ರೈಟರ್ (ಲೆಕ್ಕ ಬರೆಯುವವಳು) ಆಗಿದ್ದ ತೋಟದಲ್ಲಿ ಒಬ್ಬಳಿಗೆ ಟಿಬಿ ಅಂತ ಎಲ್ಲರ ಮುಂದೆ ಹೇಳಿಬಿಟ್ಟರು. ಮರುದಿನ ನಲ್ಲಿ ಹತ್ತಿರ ಅವಳ ಕೊಡ ಇಡಲೂ ಬಿಡಲಿಲ್ಲ. ವಾರದೊಳಗೆ ತೋಟ ಬಿಟ್ಟು ಹೋದಳು.

ಡಾಕ್ಟರ್: ರೋಗದ ವಿಷಯ ಎಲ್ಲರಿಗೂ ಹೇಳಿ, ರೋಗಿಯ ಹೆಸರು ಬೇಡ. “ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ” ಅಂದರೆ ಸಾಕು. ಕೂಲಿ ಕೊಡುವ ದಿನ ಆಶಾ ಕಾರ್ಯಕರ್ತೆಯನ್ನು ಕರೆಸಿ. ಧಣಿಗಳು ಸ್ವಲ್ಪ ದೂರ ನಿಂತರೆ ಹೆಂಗಸರು ಬಾಯಿಬಿಡುತ್ತಾರೆ. ಆ ಪೋಸ್ಟರ್ ಮೇಲೆ 108, 104 ದೊಡ್ಡದಾಗಿ ಬರೆಯಿರಿ. ಮೊದಲನೆಯದು ಆಂಬುಲೆನ್ಸ್, ಎರಡನೆಯದು ಸಲಹೆಗೆ.

ಪ್ರಶ್ನೆ ಕೇಳಿದವರು: ನಾಳೆ ಗುಂಡಿ ಕೆಲಸ ಇದೆ. ನಾನು ಹೇಳಲಾ, ಮೇಸ್ತ್ರಿ ಕೈಲಿ ಹೇಳಿಸಲಾ?

ಡಾಕ್ಟರ್: ಮೇಸ್ತ್ರಿ ಹೇಳಲಿ. ಹಾಜರಿ ಮಾತು ಮಾತ್ರ ನೀವೇ ಹೇಳಿ.