ವಾಲಿ: ಸರ್ವರ್‌ನಿಂದ ಬರುವ ಕನ್ನಡ ಆ್ಯಪ್‌ನಲ್ಲಿ ಕೆಟ್ಟು ಕಾಣುತ್ತಿದೆ

ಶಹಾಪುರ_ಡಿಪ್ಲೊಮಾ:
ಎಲ್ಲರಿಗೂ ನಮಸ್ಕಾರ. ಕಲಬುರಗಿ ಗಂಜ್‌ನಲ್ಲಿ (ಧಾನ್ಯದ ಮಾರುಕಟ್ಟೆ) ನಮ್ಮ ಮಾವನ ಅಡತ್ (ದಲ್ಲಾಳಿ) ಅಂಗಡಿ ಇದೆ. ಆ ದಿನದ ತೊಗರಿ, ಕಡಲೆ, ಹೆಸರಿನ ದರ ನಮ್ಮೂರ ರೈತರಿಗೆ ಫೋನ್‌ನಲ್ಲೇ ಸಿಗಲಿ ಅಂತ ಸಣ್ಣದೊಂದು ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ವಾಲಿ (Volley) ಅಂದರೆ ಸರ್ವರ್‌ನಿಂದ ಆ್ಯಪ್‌ಗೆ ಮಾಹಿತಿ ತರುವ ಲೈಬ್ರರಿ; ಅದರ ಸ್ಟ್ರಿಂಗ್‌ರಿಕ್ವೆಸ್ಟ್‌ನಿಂದ (ಉತ್ತರವನ್ನು ಬರೀ ಪಠ್ಯವಾಗಿ ಕೊಡುತ್ತದೆ) ದರದ ಪಟ್ಟಿ ತಂದು, ಆಮೇಲೆ ನಾನೇ ಜೇಸನ್ (ಪಟ್ಟಿ ಬರೆದಿರುವ ರೂಪ, JSON) ಬಿಡಿಸುತ್ತೇನೆ. ಅಂಕಿಗಳು ಸರಿಯಾಗಿ ಬರುತ್ತವೆ. ಆದರೆ 'ತೊಗರಿ' ಇರಬೇಕಾದ ಕಡೆ ತಲೆ ಮೇಲೆ ಗೀಟಿರುವ ಇಂಗ್ಲಿಷ್ 'ಎ', ಅದರ ಪಕ್ಕ ಪುಟ್ಟ 2 ಇಲ್ಲವೇ 3, ಸಾಲಾಗಿ ಹೀಗೇ. ಅದೇ ಲಿಂಕ್ ಬ್ರೌಸರ್‌ನಲ್ಲಿ ತೆರೆದರೆ ಕನ್ನಡ ಚೆನ್ನಾಗಿದೆ. ಮೂರು ಫಾಂಟ್ ಬದಲಿಸಿ ನೋಡಿದೆ. ಎರಡು ದಿನ ಹೋಯಿತು. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಕಲಬುರಗಿ_ಅಕ್ಕ:
ತಮ್ಮಾ, ಫಾಂಟ್ ಬಿಟ್ಟುಬಿಡು. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತಿತ್ತು.

ಗೀಟಿನ 'ಎ', ಪುಟ್ಟ 2, 3 ಅಂದೆಯಲ್ಲ, ಸುಳಿವು ಅಲ್ಲೇ ಇದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ಮೊದಲ ಬೈಟ್ ಯಾವಾಗಲೂ ಇ0, ಎರಡನೆಯದು ಬಿ2 ಅಥವಾ ಬಿ3. ಇದನ್ನೇ ಐಎಸ್‌ಒ-8859-1 (ಒಂದು ಬೈಟ್‌ಗೆ ಒಂದು ಅಕ್ಷರ ಅನ್ನುವ ಹಳೆಯ ಪದ್ಧತಿ) ಅಂತ ಓದಿದರೆ ಇ0 ಗೀಟಿನ 'ಎ' ಆಗುತ್ತದೆ, ಬಿ2 ಪುಟ್ಟ 2, ಬಿ3 ಪುಟ್ಟ 3. 'ತೊಗರಿ'ಯಲ್ಲಿ ತ, ಅದರ ಒ-ಸ್ವರದ ಗುರುತು, ಗ, ರ, ಗುಡಿಸು, ಹೀಗೆ ಐದು ಇವೆ. ಸ್ಕ್ರೀನ್ ಮೇಲೆ ಎಣಿಸಿ ನೋಡು, ಆ 'ಎ' ಐದು ಸಲ ಇರಬೇಕು.

ಅಂದರೆ ಸರ್ವರ್ ಕಳಿಸಿದ್ದು ಸರಿಯಾಗೇ ಇದೆ. ಓದುವಾಗ ತಪ್ಪಿದೆ. ಉತ್ತರದ ಜೊತೆ ಬರುವ ಕಂಟೆಂಟ್-ಟೈಪ್ ಹೆಡರ್‌ನಲ್ಲಿ ಏನಿದೆ ನೋಡು. ಬರೀ 'ಅಪ್ಲಿಕೇಶನ್/ಜೇಸನ್' ಅಂತಿದ್ದು ಚಾರ್‌ಸೆಟ್ (ಯಾವ ಪದ್ಧತಿಯಲ್ಲಿ ಓದಬೇಕು ಅನ್ನುವ ಸೂಚನೆ) ಇರಲಿಕ್ಕಿಲ್ಲ. ಹೇಳದೇ ಇದ್ದಾಗ ಸ್ಟ್ರಿಂಗ್‌ರಿಕ್ವೆಸ್ಟ್ ಐಎಸ್‌ಒ-8859-1 ಅಂತಲೇ ಹಿಡಿಯುತ್ತದೆ. ಜೇಸನ್‌ಅರೇರಿಕ್ವೆಸ್ಟ್ ಹಾಗಲ್ಲ, ಅದು ಯುಟಿಎಫ್-8 ಹಿಡಿಯುತ್ತದೆ. ನಿನ್ನದು ಪಟ್ಟಿ ತಾನೇ, ಅದನ್ನೇ ಹಾಕು. ಜೇಸನ್ ನೀನೇ ಬಿಡಿಸುವ ಕೆಲಸವೂ ಉಳಿಯುತ್ತದೆ.

ಸರ್ವರ್‌ನಲ್ಲಿ ಚಾರ್‌ಸೆಟ್ ಸೇರಿಸಿದರೂ ನಡೆಯುತ್ತದೆ. ಆದರೆ ವಾಲಿ ಹಳೆಯ ಹೆಡರನ್ನು ಕ್ಯಾಶ್‌ನಲ್ಲಿ (ಫೋನ್‌ನಲ್ಲಿನ ತಾತ್ಕಾಲಿಕ ಪ್ರತಿಯಲ್ಲಿ) ಇಟ್ಟುಕೊಂಡಿದ್ದರೆ ಸ್ವಲ್ಪ ಹೊತ್ತು ಹಳೆಯ ಗೋಜಲೇ ಕಾಣಬಹುದು. ನನ್ನ ಕೇಳಿದರೆ ಆ್ಯಪ್ ಕಡೆಯೇ ಸರಿಮಾಡು.

ಶಹಾಪುರ_ಡಿಪ್ಲೊಮಾ:
ಅಕ್ಕಾ, ಎಣಿಸಿದೆ. ಐದೇ! ಹೆಡರ್‌ನಲ್ಲೂ ಚಾರ್‌ಸೆಟ್ ಇರಲಿಲ್ಲ. ರಿಕ್ವೆಸ್ಟ್ ಬದಲಿಸಿದ ತಕ್ಷಣ 'ತೊಗರಿ' ಅಂತ ಬಂತು. ತುಂಬಾ ಖುಷಿಯಾಯಿತು.

ಇನ್ನೊಂದು ಕೇಳಲಾ? ಮಾವ ಅಂಗಡಿಯಿಂದ ದರ ಸೇರಿಸಿದಾಗ ಕೆಲವು ಸಲ ಅದೇ ದರ ಎರಡೆರಡು ಸಾಲು ಸೇರಿರುತ್ತದೆ. ಬಟನ್ ಒಮ್ಮೆಯೇ ಒತ್ತಿದ್ದು ಅಂತಾರೆ. ಮನೆಯ ವೈಫೈನಲ್ಲಿ ಹೀಗಾಗುವುದಿಲ್ಲ.

ಕಲಬುರಗಿ_ಅಕ್ಕ:
ಮಾವ ಹೇಳಿದ್ದು ನಿಜವೇ ಇರಬೇಕು. ನಾವು ಏನೂ ಹೇಳದಿದ್ದರೆ ವಾಲಿ ಉತ್ತರಕ್ಕೆ ಕಾಯುವುದು 2500 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಬರದಿದ್ದರೆ ತಾನೇ ಇನ್ನೊಮ್ಮೆ ಕಳಿಸುತ್ತದೆ, ಪೋಸ್ಟ್ (ಮಾಹಿತಿ ಸೇರಿಸುವ ರಿಕ್ವೆಸ್ಟ್) ಆದರೂ ಬಿಡುವುದಿಲ್ಲ. ಸವಾಲಿನ (ಹರಾಜಿನ) ಹೊತ್ತಿಗೆ ಗಂಜ್‌ನಲ್ಲಿ ಜನ ಜಾಸ್ತಿ, ನೆಟ್‌ವರ್ಕ್ ನಿಧಾನ. ಮೊದಲ ಸಲ ಕಳಿಸಿದ್ದು ಸರ್ವರ್‌ನಲ್ಲಿ ಬರೆದಾಗಿರುತ್ತದೆ, ಉತ್ತರ ಇನ್ನೂ ದಾರಿಯಲ್ಲಿರುತ್ತದೆ. ಅಷ್ಟರಲ್ಲಿ ಎರಡನೆಯದೂ ಹೋಗಿ ಸೇರುತ್ತದೆ.

ದರ ಸೇರಿಸುವ ಆ ರಿಕ್ವೆಸ್ಟ್‌ಗೆ ಮಾತ್ರ ಸೆಟ್‌ರಿಟ್ರೈಪಾಲಿಸಿ ಹಾಕು: ಟೈಮ್‌ಔಟ್ (ಕಾಯುವ ಸಮಯ) 15000 ಮಿಲಿಸೆಕೆಂಡ್, ಮರುಪ್ರಯತ್ನ 0. ದರ ಓದುವ ರಿಕ್ವೆಸ್ಟ್‌ಗೆ ಮರುಪ್ರಯತ್ನ ಇರಲಿ, ಅದರಿಂದ ನಷ್ಟವಿಲ್ಲ. ಆಮೇಲೆ, ಉತ್ತರ ಬರದಿದ್ದರೆ ಮಾವನೇ ಮತ್ತೆ ಒತ್ತಬಹುದು ಅಲ್ವಾ? ಅದಕ್ಕೆ ಫಾರ್ಮ್ ತೆರೆದಾಗಲೇ ಒಂದು ಯುಯುಐಡಿ (ಬೇರೆಲ್ಲೂ ಬಾರದ ಗುರುತಿನ ಸಂಖ್ಯೆ) ಮಾಡಿ ಜೊತೆಗೆ ಕಳಿಸು. ಡೇಟಾಬೇಸ್‌ನಲ್ಲಿ ಆ ಕಾಲಮ್ಮಿಗೆ ಯೂನಿಕ್ (ಒಂದೇ ಸಂಖ್ಯೆ ಎರಡು ಸಲ ಬರಬಾರದು ಅನ್ನುವ ನಿಯಮ) ಹಾಕು. ಎಷ್ಟು ಸಲ ಬಂದರೂ ಒಂದೇ ಸಾಲು ಕೂರುತ್ತದೆ.

ಶಹಾಪುರ_ಡಿಪ್ಲೊಮಾ:
ಎರಡೂ ಹಾಕಿದೆ ಅಕ್ಕಾ. ಇವತ್ತು ಸವಾಲಿನ ಹೊತ್ತಲ್ಲೇ ಮಾವ ಒಂಬತ್ತು ದರ ಸೇರಿಸಿದರು. ಡೇಟಾಬೇಸ್‌ನಲ್ಲೂ ಒಂಬತ್ತೇ ಸಾಲು.