1968ರ ಫಿಯಟ್ ಡಿಲೈಟ್: ಸೀಟಿಗೆ ಆ ಕಾಲದ್ದೇ ಸಾಮಾನು ಎಲ್ಲಿ ಸಿಗುತ್ತೆ?

ಹುಬ್ಬಳ್ಳಿ_ಪುಣೆ:
ನಮಸ್ಕಾರ. ಅಪ್ಪನ 1968ರ ಫಿಯಟ್ 1100 ಡಿಲೈಟ್ ಈಗ ಪುಣೆಯಲ್ಲಿ ನನ್ನ ಹತ್ತಿರ ಇದೆ. ಎಂಜಿನ್ ಕೆಲಸ ಮುಗಿದಿದೆ, ಒಳಗಿನದು ಬಾಕಿ. ಇಲ್ಲಿ ಸೀಟು ಹೊಲಿಯುವವರೆಲ್ಲ ಹೇಳುವುದು ಒಂದೇ ಮಾತು, ಹಳೇದೆಲ್ಲ ಕಿತ್ತು ಬಿಸಾಕಿ, ಫೋಮ್ ತುಂಬಿ ಲೆದರೆಟ್ ಹಾಕಿ ಕೊಡ್ತೀವಿ ಅಂತ. ನನಗೆ ಅದು ಬೇಡ. ಮುಂಬೈಯ ಕುರ್ಲಾ ಫ್ಯಾಕ್ಟರಿಯಿಂದ ಹೊರಬಂದಾಗ ಹೇಗಿತ್ತೋ ಹಾಗೇ ಇರಬೇಕು. ಇಲ್ಲಿನ ಮಾರ್ಕೆಟ್‌ಗಳಾದ ಜುನಾ ಬಜಾರ್, ನಾನಾ ಪೇಟ್ ಎರಡೂ ಸುತ್ತಿದೆ, ಸಿಗಲಿಲ್ಲ. ಬಂಪರಿಗೆ ಕ್ರೋಮ್ ಕೂಡ ಆಗಬೇಕು.

ಕುರ್ಲಾ_ಉಡುಪಿ:
ಸರ್, ಹಳೇ ಸೀಟು ದಯವಿಟ್ಟು ಬಿಸಾಕಬೇಡಿ, ಅದೇ ನಿಮ್ಮ ಸ್ಯಾಂಪಲ್. ರೆಗ್ಜಿನ್ ಒಳಗೆ ಮಡಚಿದ ಅಂಚನ್ನು ಬಿಚ್ಚಿ ನೋಡಿ. ಅಲ್ಲಿ ಬಿಸಿಲು ತಾಗಿರಲ್ಲ, ನಿಜವಾದ ಬಣ್ಣ ಉಳಿದಿರುತ್ತೆ. ಒಂದು ತುಂಡು ಕತ್ತರಿಸಿ ಜೇಬಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ, ಫೋನಿನ ಫೋಟೋದಲ್ಲಿ ಬಣ್ಣ ಸರಿಯಾಗಿ ಗೊತ್ತಾಗಲ್ಲ. ಬಿಚ್ಚುವ ಮೊದಲು ಗೆರೆಗಳ ಅಗಲ, ಪೈಪಿಂಗ್ (ಅಂಚಿನ ಉದ್ದಕ್ಕೂ ಹೊಲಿದ ದುಂಡನೆಯ ಪಟ್ಟಿ) ದಪ್ಪ, ಇಂಚಿಗೆ ಎಷ್ಟು ಹೊಲಿಗೆ ಅಂತ ಬರೆದಿಟ್ಟುಕೊಳ್ಳಿ. ನೋಡಿದ ತಕ್ಷಣ ವ್ಯತ್ಯಾಸ ತಿಳಿಯುವುದು ಈ ಅಳತೆಗಳಲ್ಲೇ.

ಬರೀ ಫೋಮ್ ತುಂಬಿದರೆ ಸೀಟು ಉಬ್ಬಿ ಅದರ ಆಕಾರವೇ ಹೋಗುತ್ತೆ. ಹಾಸಿಗೆ ಅಂಗಡಿಯಲ್ಲಿ ರಬ್ಬರ್ ಸೇರಿಸಿದ ತೆಂಗಿನ ನಾರಿನ ಶೀಟು ಸಿಗುತ್ತೆ, ಅದನ್ನು ತಗೊಳ್ಳಿ. ಸ್ಪ್ರಿಂಗ್ ಮೇಲೆ ಗೋಣಿತಟ್ಟು, ಆಮೇಲೆ ನಾರು, ಅದರ ಮೇಲೆ ತೆಳ್ಳಗೆ ಹತ್ತಿ. ನೂಲು ಮಾತ್ರ ಪಾಲಿಯೆಸ್ಟರೇ ಇರಲಿ, ಹತ್ತಿ ನೂಲು ಬೇಗ ಕೊಳೆಯುತ್ತೆ.

ಪಾರ್ಟ್ಸ್ ಬೇಕಾದರೆ ಇಲ್ಲಿ ಕುರ್ಲಾದ ಸಿಎಸ್‌ಟಿ ರೋಡಿಗೆ ಬನ್ನಿ. ಪದ್ಮಿನಿ ಅಂದರೆ ಇದೇ ಫಿಯಟ್‌ಗೆ ಆಮೇಲೆ ಬಂದ ಹೆಸರು. ಮುಂಬೈಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ಗೆ ಪೂರ್ತಿ ನಿಂತವು, ಅವುಗಳ ಎಷ್ಟೋ ಸಾಮಾನು ಡಿಲೈಟ್‌ಗೆ ಕೂರುತ್ತೆ. ಗ್ರಿಲ್ ಬೇರೆ, ಅದನ್ನು ತಗೋಬೇಡಿ. ಟ್ಯಾಕ್ಸಿ ಸೀಟು ನೋಡಿ ಹೊಲಿಸಲೂ ಬೇಡಿ, ಅವನ್ನೆಲ್ಲ ಎಷ್ಟು ಸಲ ಬದಲಾಯಿಸಿರುತ್ತಾರೋ ಹೇಳಕ್ಕಾಗಲ್ಲ.

ಕಾರವಾರ_ಮಡಗಾಂವ್:
ನಾರಿನ ಬಗ್ಗೆ ಒಂದು ಮಾತು ಸೇರಿಸ್ತೀನಿ. ಪುಣೆಗೆ ಸರಿ, ಆದರೆ ಗೋವಾ ಮಳೆಗಾಲದಲ್ಲಿ ಕಾರು ಮುಚ್ಚಿ ನಿಲ್ಲಿಸಿದರೆ ನಾರಿಗೂ ಗೋಣಿತಟ್ಟಿಗೂ ಬೂಷ್ಟು ಹಿಡಿಯುತ್ತೆ, ಆಗಾಗ ಬಾಗಿಲು ತೆಗೆದು ಗಾಳಿಯಾಡಿಸಲೇಬೇಕು.

ಕ್ರೋಮ್ ಹಾಕಿಸುವಾಗ ತಾಮ್ರ, ನಿಕ್ಕಲ್, ಆಮೇಲೆ ಕ್ರೋಮ್, ಮೂರೂ ಹಾಕ್ತಾರಾ ಅಂತ ಮೊದಲೇ ಕೇಳಿ. ಕ್ರೋಮ್ ಪದರ ತೀರಾ ತೆಳು, ತುಕ್ಕು ತಡೆಯುವುದು ಅದರ ಕೆಳಗಿನ ನಿಕ್ಕಲ್. ಕಡಿಮೆ ರೇಟಿನವರು ದುಡ್ಡು ಉಳಿಸುವುದೂ ಆ ನಿಕ್ಕಲ್‌ನಲ್ಲೇ. ಪೇಂಟ್ ಬಾಕಿ ಇದ್ದರೆ ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಹೊಳಪಿನ ಪದರ) ಬೇಡ ಅನ್ನಿ. 60ರ ದಶಕದ ಕಾರಿಗೆ ಆ ಗಾಜಿನಂಥ ಹೊಳಪು ಇರಲಿಲ್ಲ.

ಹುಬ್ಬಳ್ಳಿ_ಪುಣೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮುಂಬೈಯ ಚೋರ್ ಬಜಾರಿನಲ್ಲಿ ಒಬ್ಬರ ಹತ್ತಿರ ಬಳಸದ ಹಳೇ ಸ್ಟಾಕ್ 5.20-14 ಟೈರು, ಬ್ರೇಕ್ ಹೋಸ್ ಎಲ್ಲ ಇದೆಯಂತೆ. ತಗೊಳ್ಳಲಾ?

ಕುರ್ಲಾ_ಉಡುಪಿ:
ಬೇಡವೇ ಬೇಡ. ರಬ್ಬರ್ ಸುಮ್ನೆ ಇಟ್ಟರೂ ಹಳೇದಾಗಿ ಬಿರಿಯುತ್ತೆ. ದೀಪದ ಗಾಜು, ಬಾಗಿಲ ಹಿಡಿ, ಗಡಿಯಾರ ಹಳೇ ಸ್ಟಾಕ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಟೈರು, ಹೋಸ್, ಬ್ರೇಕ್ ಲೈನಿಂಗ್ ಹೊಸದೇ ಇರಲಿ. ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಅದನ್ನು ಉಜ್ಜಿ ಧೂಳು ಎಬ್ಬಿಸಬೇಡಿ.

ಇನ್ನೊಂದು, 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಎ (VA) ಸರಣಿಯ ವಿಂಟೇಜ್ ನಂಬರ್ ಇದೆ. ಷಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗಿರಬಾರದು. ಈಗಿನಿಂದಲೇ ಪ್ರತಿ ಹಂತದ ಫೋಟೋ ತೆಗೆದಿಡಿ.